ಹೊಟ್ಟೆ ತುಂಬದ ಮೋಟರು

ಮನ್ಮಥಪ್ಪನ ಗಿರಣಿಯ ಮೋಟರು ಕೆಟ್ಟು ನಿಂತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಅದು ಕೆಡಲಿಲ್ಲ, ಅದೇ ತಾಪತ್ರಯ. ಆನೆಯಂಥ ಮೋಟರು ದಿನವಿಡೀ ಗುಂಯ್‌ಗುಟ್ಟುತ್ತಿತ್ತು; ಬೀಸುತ್ತಿದ್ದುದು ಮಾತ್ರ ಗುಬ್ಬಿ ತಿನ್ನುವಷ್ಟು ಜೋಳ.

ಈ ಆನೆಯನ್ನು ಅವನು ಕಟ್ಟಿಕೊಂಡದ್ದು ಹೊಟ್ಟೆಕಿಚ್ಚಿನಿಂದ. ನಿಲಂಗದಲ್ಲಿ ಅವನ ಷಡ್ಡಕ ಹದಿನೈದು ಕುದುರೆ ಬಲದ ಮೋಟರು ಕೂಡಿಸಿ ಮೀಸೆ ತಿರುವುತ್ತಿದ್ದ. ಉದಗೀರದಲ್ಲಿ ಹಳೆಯ ಹತ್ತಿ ಗಿರಣಿಯೊಂದು ಮುಚ್ಚಿ ಸಾಮಾನು ಲಿಲಾವಿಗೆ ಬಂದಾಗ ಮನ್ಮಥಪ್ಪ ಹಿಂದೆಮುಂದೆ ನೋಡದೆ ನಲವತ್ತು ಕುದುರೆಯದನ್ನೇ ಕೂಗಿ ತಂದ. ಎರಡು ಬೀಸುವ ಕಲ್ಲು, ಬೇಳೆ ಒಡೆಯುವ ಯಂತ್ರ, ಖಾರ ಕುಟ್ಟುವ ಯಂತ್ರ, ಎಣ್ಣೆಯ ಗಾಣ, ಎಲ್ಲವನ್ನೂ ಪಟ್ಟಾ ಹಾಕಿ ಅದಕ್ಕೆ ಜೋಡಿಸಿದ. ಅವೆಲ್ಲ ಒಟ್ಟಿಗೆ ತಿರುಗಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಖಾನಾವಳಿ ಗುಂಡಮ್ಮ ದಿನಾ ಒಂದು ಚೀಲ ಜೋಳ ತರುತ್ತಿದ್ದಳು. ಒಂದು ಕಲ್ಲು ತಿರುಗುತ್ತಿತ್ತು. ಉಳಿದ ಕುದುರೆಗಳು ಲಾಯದಲ್ಲಿ ನಿಂತು ಬಾಲ ಬೀಸುತ್ತಿದ್ದವು.

ಹಿಂದಿನ ತಿಂಗಳು ಕರೆಂಟಿನ ಕಂಪನಿಯ ಇಂಜಿನೇರ ಸಾಹೇಬರು ಬಂದರು. ಹೈದರಾಬಾದಿನವರು, ಬೀದರ ಕಡೆ ಬಹಳ ವರ್ಷ ತಿರುಗಾಡಿ ಕನ್ನಡ ಕಲಿತವರು. ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ತಂತಿಗೆ ಸಿಕ್ಕಿಸಿ, ಅದರೊಳಗಿನ ಮುಳ್ಳನ್ನು ನೋಡಿ ನಾಲಿಗೆ ಲೊಚಗುಟ್ಟಿದರು.

“ಸಾವಕಾರ, ನಿಮ್ಮ ಫ್ಯಾಕ್ಟರ್ ಬಹುತ್ ಖರಾಬ್ ಅದ. ರೂಪಾಯಿಗೆ ಆರಾಣೆ. ಹನ್ನೆರಡಾಣೆರೆ ಬೇಕು.”

“ನಾ ಎಂದೂ ಬಿಲ್ಲು ಬಾಕಿ ಇಟ್ಟಿಲ್ರಿ ಸಾಹೇಬ್ರ!”

“ಬಿಲ್ಲಿನ ಮಾತಲ್ಲ, ಸುನೋ. ನಿಮ್ಮ ಮಂದ್ಯಾಗ ಮದುವಿಗೆ ಬರಾತ ಬರ್ತದಿಲ್ಲೋ? ತಾಳಿ ಕಟ್ಟಾಂವ ಒಬ್ಬ. ಸಂಗಾಟ ಬಂದು ಸುಮ್ಮ ತಿರಿಗಿ ಹೋಗೋರು ಐವತ್ತು ಮಂದಿ. ಅವರು ಕೆಲಸ ಮಾಡೂದಿಲ್ಲ, ಆದ್ರ ಬಂಡಿ ಅವರಿಗೂ ಬೇಕು, ದಾರಿ ಅವರಿಂದ್ಲೂ ಸವೀತದ. ಮೋಟರಿಗೂ ಹಾಂಗೇ. ದುಡಿಯೋ ಕರೆಂಟ್ ಒಂದಿಷ್ಟು, ನಿಮ್ಮಲ್ಲಿ ರೂಪಾಯಿಗೆ ಆರಾಣೆ; ಅದರ ಸಂಗಾಟ ಸುಮ್ಮ ಬಂದು ಹೋಗೋ ಕರೆಂಟ್ ಒಂದಿಷ್ಟು. ಮೋಟರ್ ಎಷ್ಟು ದೊಡ್ಡದೋ ಬರಾತ ಅಷ್ಟು ದೊಡ್ಡದು. ನೀವು ಬೀಸೂದು ಒಂದು ಚೀಲ ಜ್ವಾಳ, ಬರಾತ ನಲವತ್ತು ಕುದುರಿದು. ನಮ್ಮ ತಾರು ಹೊರಬೇಕೇನು ಅದನ್ನೆಲ್ಲಾ?”

“ಬರಾತ ಬ್ಯಾಡ ಅಂತ ಹೇಳಿದ್ರ?”

“ಬೀಗರಿಲ್ಲದ ಮದುವಿ ಆಗ್ತದೇನು? ಅವರು ಬರದಿದ್ರ ಮೋಟರೇ ತಿರಗೂದಿಲ್ಲ. ಕಂಡೆನ್ಸರ್ ಅಂತ ಒಂದು ಡಬ್ಬಿ ಅದ. ಮೋಟರ್ ಮಗ್ಗಲಿಗಿಟ್ರ ಬೀಗರಿಗೆಲ್ಲಾ ಅಲ್ಲೇ ಬಿಡಾರ, ದಾರಿ ಮ್ಯಾಲ ಓಡ್ಯಾಡೂದಿಲ್ಲ. ಆದ್ರ ಈಗ ವಿಲಾಯತದಾಗ ಯುದ್ಧ ನಡದದ, ಡಬ್ಬಿ ಎಲ್ಲಿಂದ ಬರಬೇಕು? ಉಳಿದದ್ದು ಒಂದೇ ಇಲಾಜು. ಮೋಟರಿಗೆ ಹೊಟ್ಟಿ ತುಂಬ ಕೆಲಸ ಕೊಡ್ರಿ. ಬರಾತ ಇದ್ದಷ್ಟೇ ಇರ್ತದ, ತಾಳಿ ಕಟ್ಟೋರು ಹೆಚ್ಚಾಗ್ತಾರ. ಸರ್ಕಾರದ ಬಹಮನ್ ತಿಂಗಳ ಹನ್ನೊಂದಕ್ಕ ಮತ್ತ ಬರ್ತೀನಿ. ಹನ್ನೆರಡಾಣೆ ತೋರಿಸಲಿಲ್ಲ ಅಂದ್ರ ತಾರು ಕಟ್.”

ತಂತಿ ಕತ್ತರಿಸಿದರೆ ಗಿರಣಿ ಹೋಯಿತು. ಗಿರಣಿಯ ಮೇಲೆಯೇ ಸಂಸಾರ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ನಿಲಂಗದ ಷಡ್ಡಕ ಸುದ್ದಿ ಕೇಳಿ ನಗುತ್ತಾನೆ. ಮನ್ಮಥಪ್ಪ ಜಳಕೋಟ, ಶಿರೂರ ಅನಂತಪಾಳ ಎಲ್ಲ ಸುತ್ತಿ, ತೊಗರಿ ಬೆಳೆದ ರೈತರ ಕೈಹಿಡಿದು, “ಬಹಮನ್ ಹನ್ನೊಂದಕ್ಕ ಬಂಡಿ ತಗೊಂಡು ಬರ್ರೆಪ್ಪಾ, ಬ್ಯಾಳಿ ಮಾಡಿ ಕೊಡ್ತೀನಿ” ಎಂದು ಬೇಡಿಕೊಂಡ. ಎಲ್ಲರೂ ಹೂಂ ಅಂದರು. ಹೂಂ ಅನ್ನುವುದಕ್ಕೆ ನಮ್ಮ ಕಡೆ ಯಾರೂ ಜಿಪುಣತನ ಮಾಡುವುದಿಲ್ಲ.

ಬಹಮನ್ ಹನ್ನೊಂದರ ಬೆಳಿಗ್ಗೆ ಮನ್ಮಥಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಎಳೆದುಕೊಂಡು ಊಟಕ್ಕೆ ಕುಳಿತ. ತಟ್ಟೆಯೇ ಇರಲಿಲ್ಲ.

“ಏ, ರೊಟ್ಟಿ ತಗೊಂಡು ಬಾ. ಬಂಡಿ ಬರೂ ಹೊತ್ತಾಯ್ತು.”

ಹೆಂಡತಿ ಲಲಿತಾಬಾಯಿ ಅಡುಗೆಮನೆಯಿಂದಲೇ ಅಂದಳು: “ಇವತ್ತ ಒಪ್ಪತ್ತಲ್ಲೇನ್ರಿ? ಸೋಮವಾರ ಮುಂಜಾನಿ ಯಾವತ್ತ ರೊಟ್ಟಿ ತಿಂದೀರಿ ನೀವು?”

ಮನ್ಮಥಪ್ಪನ ಹಣೆಯ ವಿಭೂತಿಯಷ್ಟೇ ಬೆಳ್ಳಗೆ ಅವನ ಮುಖವೂ ಆಯಿತು. ಸೋಮವಾರ! ಬಸವಣ್ಣನ ವಾರ! ಆ ದಿನ ಲಿಂಗವಂತ ರೈತ ಸತ್ತರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಸರ್ಕಾರದ ತಿಂಗಳಿಗೆ ತಾರೀಖು ಗೊತ್ತು, ಎತ್ತಿಗೆ ವಾರ ಗೊತ್ತು. ಎರಡನ್ನೂ ಕೂಡಿಸಿ ನೋಡುವ ಕೆಲಸ ಮನ್ಮಥಪ್ಪನದಾಗಿತ್ತು. ಸಾಹೇಬರಿಗೇನು, ಅವರಿಗೆ ಶುಕ್ರವಾರ ಸೂಟಿ. ಸೋಮವಾರ ಅವರ ಲೆಕ್ಕದಲ್ಲಿ ದುಡಿಯುವ ದಿನ.

ಚಪ್ಪಲಿ ಮರೆತು ಗಿರಣಿಗೆ ಓಡಿದ. ಅಂಗಳದಲ್ಲಿ ಒಂದೇ ಒಂದು ಬಂಡಿ ನಿಂತಿತ್ತು. ಅದರ ಕೆಳಗೆ ಜಳಕೋಟದ ಕಲ್ಯಾಣಪ್ಪ ಕೌದಿ ಹೊದ್ದು ಮಲಗಿದ್ದ. ನಿನ್ನೆ ಸಂಜೆಯೇ ತೊಗರಿ ತಂದು ಇಳಿಸಿದ್ದವನು.

“ಉಳಿದೋರೆಲ್ಲಿ ಕಲ್ಯಾಣಪ್ಪಾ?”

“ಇವತ್ತ ಯಾರು ಹೂಡ್ತಾರ್ರೀ ಸಾವಕಾರ್ರೆ?” ಕಲ್ಯಾಣಪ್ಪ ಆಕಳಿಸಿದ. “ನೀವು ಸೋಮವಾರ ಕರದ್ದು ನೋಡಿ, ಮಂದಿ ನಿಮಗ ತಲಿ ಕೆಟ್ಟದ ಅಂದ್ರು. ನಾ ಹಾಂಗ ಅನ್ನಲಿಲ್ಲ. ಅದಕ್ಕೇ ರವಿವಾರನೇ ಬಂದೀನಿ.”

ಗಿರಣಿಯ ಮಿಸ್ತ್ರಿ ನಾಗನಾಥ ಬೀಡಿ ಕಿವಿಗೇರಿಸಿಕೊಂಡು ಬಂದ. ಅವನ ಹಿಂದೆಯೇ ಪಕ್ಕದ ಅರಿವೆ ಅಂಗಡಿಯ ಮಾಣಿಕಪ್ಪ ಬಂದ. ಮಾಣಿಕಪ್ಪನಿಗೆ ಅರಿವೆ ಮಾರುವುದು ಬಿಟ್ಟು ಉಳಿದ ಎಲ್ಲ ಉದ್ಯೋಗವೂ ಚೆನ್ನಾಗಿ ಬರುತ್ತಿತ್ತು.

“ಅದಕ್ಯಾಕ ಹೆದರ್ತಿ ಮನ್ಮಥಪ್ಪಾ? ಮೋಟರಿಗೆ ಭಾರ ಬೇಕು, ಹೌದಲ್ಲೋ? ಕಲ್ಲಿಗೆ ನಾಕು ಚೀಲ ಉಸುಕು ಸುರಿ.”

“ಉಸುಕು ಬೀಸಿದ್ರ ಕಲ್ಲು ಹೋಗ್ತದಲ್ರೀ ಮಾಣಿಕಪ್ಪನೋರ,” ಎಂದ ನಾಗನಾಥ.

“ಹಂಗಾದ್ರ ಪಟ್ಟಾ ಬಿಗಿ ಮಾಡು, ಅಷ್ಟ ಅಲ್ಲ, ಇನ್ನೂ...”

“ಹರೀತದ.”

“ಎಲ್ಲಾದಕ್ಕೂ ಒಲ್ಲೆ ಅಂತೀಯಲ್ಲೋ! ಇಂಥೋರ ಸಲುವಾಗೇ ಈ ಊರು ಮುಂದ ಬರವಲ್ದು.”

ಅಷ್ಟರಲ್ಲಿ ಬಾಗಿಲ ಮುಂದೆ ಅದೇ ಓಣಿಯ ಪ್ರಯಾಗಬಾಯಿ ತಲೆಯ ಮೇಲೆ ಸಣ್ಣ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಮನ್ಮಥಪ್ಪ ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಕೂಗಿದ.

“ಕಾಕು! ಎಲ್ಲಿಗೆ ಹೊಂಟಿ? ಬಾ, ಬೀಸಿ ಕೊಡ್ತೀನಿ. ಫುಕಟ!”

ಪ್ರಯಾಗಬಾಯಿ ಗಕ್ಕನೆ ನಿಂತಳು. ಮನ್ಮಥಪ್ಪ ಅವಳ ಅಪ್ಪನ ತಿಥಿಗೆಂದರೂ ಒಂದು ಹಿಡಿ ಹಿಟ್ಟು ಬಿಟ್ಟವನಲ್ಲ. “ಯಾಕೋ? ಜ್ವರಾ ಬಂದಾವೇನು?”

“ಜ್ವರ ಇಲ್ಲ ಏನಿಲ್ಲ. ನಿನಗಷ್ಟೇ ಅಲ್ಲ, ಓಣಿಗೆಲ್ಲಾ ಹೇಳು. ಜ್ವಾಳ, ಕಡ್ಲಿ, ಖಾರ, ಶೇಂಗಾ, ಏನಿದ್ರೂ ತರ್ಲಿ. ಲಗೂನ ತರ್ಲಿ!”

ಕರೆಂಟು ತಂತಿಯ ಮೇಲೆ ಎಷ್ಟು ಬೇಗ ಹೋಗುತ್ತದೋ ನನಗೆ ಗೊತ್ತಿಲ್ಲ, ಆದರೆ ಪ್ರಯಾಗಬಾಯಿಯ ಬಾಯಿಗಿಂತ ಬೇಗ ಹೋಗಲಾರದು. ಮನ್ಮಥಪ್ಪ ಬೆವರು ಒರೆಸಿಕೊಳ್ಳುವುದರಲ್ಲಿ ಓಣಿಯ ಹೆಂಗಸರೆಲ್ಲ ಬುಟ್ಟಿ, ಮೊರ, ಚೀಲ ಹೊತ್ತು ಗಿರಣಿಗೆ ನುಗ್ಗಿದರು. ಕೆಲವರು ಬೀಸಿದ ಹಿಟ್ಟನ್ನೇ ಮತ್ತೊಮ್ಮೆ ಸಣ್ಣಗೆ ಬೀಸಿಸಿಕೊಳ್ಳಲು ತಂದಿದ್ದರು. ಪುಕ್ಕಟೆ ಸಿಕ್ಕರೆ ನಮ್ಮವರು ಬೂದಿಯನ್ನೂ ಬೀಸಿಸುತ್ತಾರೆ. ಮಾಣಿಕಪ್ಪ ಕೂಡ ಸಲಹೆ ಕೊಡುವುದನ್ನು ನಿಲ್ಲಿಸಿ ಮನೆಗೆ ಓಡಿ, ಶೇಂಗಾದ ಚೀಲಗಳನ್ನು ಗಾಣಕ್ಕೆ ಹೊರಿಸಿ ತಂದ.

ಆದರೆ ಪುಕ್ಕಟೆ ಯಾಕೆ ಎಂಬುದು ಯಾರಿಗೂ ತಿಳಿಯದು. ತಂತಿ ಕತ್ತರಿಸುತ್ತಾರೆಂದು ಹೇಳಿಕೊಳ್ಳಲು ಮನ್ಮಥಪ್ಪನಿಗೆ ಮಾನ ಅಡ್ಡ ಬಂತು.

“ಹರಕಿ ಹೊತ್ತಾನಂತ,” ಅಂದಳು ಒಬ್ಬಳು.

“ಹರಕಿ ಅಲ್ಲಬೇ, ನೆಲದಾಗ ಹೊನ್ನು ಸಿಕ್ಕದಂತ. ಪಾಪ ಕಳ್ಕೊಳ್ಳಾಕ ಮಾಡ್ಲಕತ್ಯಾನ.”

ರಂಭಾಬಾಯಿ ಎಂಬ ಗಟ್ಟಿ ಗಂಟಲಿನ ಹೆಂಗಸು ನೇರ ಅವನನ್ನೇ ಕೇಳಿದಳು: “ಸಾವಕಾರ್ರೆ, ಸೋಮವಾರ ಅಂತ ದಾಸೋಹ ಮಾಡ್ಲಕತ್ತೀರೇನು?”

“ಹೂಂ ಯವ್ವಾ, ಹಾಂಗೇ ತಿಳಕೋ. ಮೊದಲ ನಿನ್ನ ಬುಟ್ಟಿ ಕೊಡು!”

ಈ ಮಾತನ್ನು ಪ್ರಯಾಗಬಾಯಿ ಕೇಳಿಸಿಕೊಂಡಳು. ಸೆರಗು ಸಿಕ್ಕಿಸಿಕೊಂಡು ಮತ್ತೆ ಹೊರಗೆ ಹೊರಟಳು.

ಅದೇ ಹೊತ್ತಿಗೆ ಸ್ಟೇಷನ್ನಿನಿಂದ ಟಾಂಗಾ ಬಂತು. ಇಂಜಿನೇರ ಸಾಹೇಬರು ಇಳಿದು ಗಿರಣಿಯನ್ನು ನೋಡಿ, ತಪ್ಪು ಜಾಗಕ್ಕೆ ಬಂದೆನೇನೋ ಎಂದು ಒಮ್ಮೆ ಹಿಂದಕ್ಕೆ ಸರಿದರು. ಆಮೇಲೆ ಪೆಟ್ಟಿಗೆಯನ್ನು ತಂತಿಗೆ ಸಿಕ್ಕಿಸಿದರು.

“ಅರ್ಧಾ ತಾಸು. ಅರ್ಧಾ ತಾಸು ಮುಳ್ಳು ಹನ್ನೆರಡಾಣೆ ಮ್ಯಾಲ ನಿಲ್ಲಬೇಕು. ಚಾಲೂ ಮಾಡ್ರಿ.”

ನಾಗನಾಥ ಒಂದೊಂದೇ ಪಟ್ಟಾ ಏರಿಸಿದ. ಒಂದು ಕಲ್ಲು ತಿರುಗಿತು: ಆರಾಣೆ. ಎರಡನೆಯ ಕಲ್ಲಿಗೆ ಎಂಟಾಣೆ. ಬೇಳೆಯ ಯಂತ್ರಕ್ಕೆ ಕಲ್ಯಾಣಪ್ಪನ ತೊಗರಿ ಸುರಿದದ್ದೇ ತಡ, ಮುಳ್ಳು ಹತ್ತಾಣೆಗೆ ನೆಗೆಯಿತು. ಗಾಣ ಗುಡುಗಿತು, ಖಾರದ ಒನಕೆಗಳು ಧಡಧಡ ಬಿದ್ದವು. ಹನ್ನೆರಡಾಣೆ! ಮನ್ಮಥಪ್ಪನ ಗಿರಣಿಗೆ ಬಂದಾಗಿನಿಂದ ಮೋಟರು ಮೊದಲ ಸಲ ಬೆವರಿತು. ನೆಲ ನಡುಗಿತು, ಜಂತಿಯ ಮೇಲಿನ ಧೂಳು ಉದುರಿತು, ಹೆಂಗಸರು ಕಿವಿ ಮುಚ್ಚಿಕೊಂಡು ಖುಷಿಯಿಂದ ಕಿರುಚಿದರು.

“ವಾಹ್!” ಎಂದರು ಸಾಹೇಬರು. ಎಂದ ಕೂಡಲೇ ಖಾರದ ಘಾಟು ಮೂಗಿಗೇರಿ ಸೀನಿದರು. ಸೀನುತ್ತಲೇ ಗಡಿಯಾರ ತೆಗೆದರು.

ಎಲ್ಲ ಸರಿಯಾಗಿ ನಡೆದಿತ್ತು, ಆದರೆ ಗುಂಡಮ್ಮನ ಜೋಳದ ಹಿಟ್ಟು ಕೆಂಪಗೆ ಬಂತು. ಅವಳಿಗಿಂತ ಮುಂಚೆ ರಂಭಾಬಾಯಿ, ಕುಟ್ಟುವ ಯಂತ್ರದ ಸಾಲು ಉದ್ದವಾಯಿತೆಂದು, ತನ್ನ ಮೆಣಸಿನಕಾಯಿಯನ್ನು ಸದ್ದಿಲ್ಲದೆ ಜೋಳದ ಕಲ್ಲಿಗೇ ಸುರಿದಿದ್ದಳು.

“ಯಾರಕಿ ಅಕಿ, ನನ್ನ ಹಿಟ್ಟಿನಾಗ ಖಾರ ಹಾಕದಕಿ? ನನ್ನ ಖಾನಾವಳಿ ಗಿರಾಕಿ ಏನು ರೊಟ್ಟಿ ತಿಂದು ಬಾಯಿ ಬಾಯಿ ಬಡ್ಕೋಬೇಕೇನು?”

“ಒಳ್ಳೇದೇ ಆಯ್ತು ಬಿಡು. ನಿನ್ನ ಪಲ್ಯಾದಾಗಂತೂ ಖಾರ ಇರೂದಿಲ್ಲ, ರೊಟ್ಟ್ಯಾಗರೆ ಇರ್ಲಿ!”

ಗುಂಡಮ್ಮ ಮೊರ ಎತ್ತಿದಳು. ರಂಭಾಬಾಯಿ ಬುಟ್ಟಿ ಎತ್ತಿದಳು. ಎಲ್ಲರೂ ಜಗಳ ನೋಡಲು ಸುತ್ತುಗಟ್ಟಿದ್ದರಿಂದ ಎರಡೂ ಕಲ್ಲಿಗೆ ಕಾಳು ಹಾಕುವವರಿಲ್ಲದಾಯಿತು. ಮುಳ್ಳು ಹನ್ನೊಂದಕ್ಕೆ ಇಳಿಯಿತು, ಹತ್ತಕ್ಕೆ ಇಳಿಯಿತು.

ಮನ್ಮಥಪ್ಪ ಇಬ್ಬರ ನಡುವೆ ನುಗ್ಗಿ ಕೈಮುಗಿದ. ಮೊರದ ಒಂದು ಏಟು ಅವನ ರುಮಾಲಿಗೇ ಬಿತ್ತು. “ನಿಮ್ಮ ಕಾಲ ಬೀಳ್ತೀನಿ ತಾಯಂದಿರಾ! ಬಡದಾಡ್ರಿ, ನಾ ಒಲ್ಲೆ ಅನ್ನೂದಿಲ್ಲ. ಆದ್ರ ಬೀಸಿಕೋತ ಬಡದಾಡ್ರಿ! ಒಂದ ಕೈಲೆ ಕಾಳು ಹಾಕ್ರಿ, ಇನ್ನೊಂದು ಕೈಲೆ ಹೊಡೀರಿ!”

ಸಾಹೇಬರು ಗಡಿಯಾರ ನೋಡಿ, ಕಣ್ಣೊರೆಸಿಕೊಂಡು ಹೇಳಿದರು: “ಮುಳ್ಳು ಇಳೀತು. ಲೆಕ್ಕ ಹೊಸದಾಗಿ ಸುರು.”

ಕಲ್ಲಿಗೆ ಮತ್ತೆ ಕಾಳು ಬಿತ್ತು, ಮುಳ್ಳು ಹನ್ನೆರಡಕ್ಕೆ ಏರಿತು. ಈಗ ಹೊಸ ಕಷ್ಟ ಬಂತು. ಪುಕ್ಕಟೆ ಬೀಸಿಸಿಕೊಂಡವರು ಹಿಟ್ಟು ಹೊತ್ತು ಮನೆಗೆ ಹೊರಟಿದ್ದರು. ಬುಟ್ಟಿಗಳು ಖಾಲಿಯಾಗುತ್ತ ಬಂದವು. ಸಾಹೇಬರ ಅರ್ಧ ತಾಸಿನ್ನೂ ಅರ್ಧದಲ್ಲಿತ್ತು.

“ಸಾವಕಾರ್ರೆ, ಕಲ್ಲು ಹಸ್ತಾವ್ರಿ!” ನಾಗನಾಥ ಕೂಗಿದ.

ಮನ್ಮಥಪ್ಪ ಸುತ್ತ ನೋಡಿದ. ಆಮೇಲೆ ಗಿರಣಿಗೆ ಅಂಟಿಕೊಂಡಿದ್ದ ತನ್ನ ಮನೆಯ ಹಿತ್ತಿಲ ಬಾಗಿಲನ್ನು ನೋಡಿದ. ಒಳಗೆ ನುಗ್ಗಿ, ಇಡೀ ವರ್ಷಕ್ಕೆಂದು ಒಟ್ಟಿದ್ದ ಜೋಳದ ಚೀಲವೊಂದನ್ನು ಬೆನ್ನಿಗೆ ಹಾಕಿಕೊಂಡು ಬಂದ. ಯಾರೂ ಕರೆಯದಿದ್ದರೂ ಕಲ್ಯಾಣಪ್ಪ ಇನ್ನೊಂದನ್ನು ಹೊತ್ತು ತಂದ. ಬೇರೆಯವರ ಮನೆಯ ಜೋಳ ಹೊರುವಾಗ ಎಲ್ಲರಿಗೂ ಬಲ ಬರುತ್ತದೆ. ಲಲಿತಾಬಾಯಿ ಹಿಂದೆಯೇ ಓಡಿ ಬಂದಳು.

“ಅಯ್ಯ, ಹುಚ್ಚು ಹಿಡೀತೇನ್ರಿ ನಿಮಗ? ವರ್ಷದ ಜ್ವಾಳ ಒಂದೇ ದಿನ ಬೀಸಿದ್ರ ಹಿಟ್ಟು ಕಹಿ ಆಗೂದಿಲ್ಲೇನು? ನುಸಿ ಹತ್ತೂದಿಲ್ಲೇನು?”

“ನುಸಿ ಹತ್ತಿದ್ರ ಹತ್ಲಿ, ತಾರು ಉಳೀಲಿ! ಸರಿ ಆಚಿ!”

“ಏನು ತಾರು? ಯಾವ ತಾರು? ನಮ್ಮ ತವರಮನ್ಯಾಗೂ ಗಿರಣಿ ಅದ, ಇಂಥಾ ಹುಚ್ಚಾಟ ನಾ ಎಲ್ಲೂ ಕಂಡಿಲ್ಲ. ನಿಲಂಗದ ನಮ್ಮಕ್ಕ ಕೇಳಿದ್ರ ಹೊಟ್ಟಿ ಹಿಡ್ಕೊಂಡು ನಗ್ತಾಳ!”

ಆ ಒಂದು ಮಾತಿಗೆ ಮನ್ಮಥಪ್ಪ ಇನ್ನೂ ಎರಡು ಚೀಲ ಹೊತ್ತು ತಂದ. ಹಿಟ್ಟಿನಲ್ಲಿ ಅದ್ದಿ ತೆಗೆದವನಂತೆ ನಿಂತು ಮುಳ್ಳನ್ನೇ ದಿಟ್ಟಿಸಿದ. ಹನ್ನೆರಡು. ಹನ್ನೆರಡೂವರೆ. ಹದಿಮೂರಾಣೆ! ಕೊನೆಯ ಚೀಲ ಮುಗಿಯುವುದಕ್ಕೂ ಸಾಹೇಬರು ಗಡಿಯಾರ ಮುಚ್ಚುವುದಕ್ಕೂ ಸರಿಹೋಯಿತು.

“ಶಾಬಾಶ್ ಸಾವಕಾರ! ಹದಿಮೂರಾಣೆ! ಹೈದರಾಬಾದದಾಗ ದೊಡ್ಡ ದೊಡ್ಡ ಕಾರಖಾನಿ ಇಂಥಾ ಫ್ಯಾಕ್ಟರ್ ತೋರಿಸಿಲ್ಲ.”

ಮನ್ಮಥಪ್ಪನಿಗೆ ಕಣ್ಣಲ್ಲಿ ನೀರು ಬಂತು. ಅರ್ಧ ಖಾರಕ್ಕೆ, ಅರ್ಧ ಸಂತೋಷಕ್ಕೆ. ಒಪ್ಪತ್ತಿನ ಹೊಟ್ಟೆ ಈಗ ನೆನಪಾಯಿತು. ಇನ್ನು ಮನೆಗೆ ಹೋಗಿ ಮಲಗಬೇಕು ಎನ್ನುವಷ್ಟರಲ್ಲಿ ಬೀದಿಯಲ್ಲಿ ಗಂಟೆ, ಶಂಖದ ಸದ್ದು ಕೇಳಿತು.

ಮಠದ ಸ್ವಾಮಿಗಳಾದ ಅಪ್ಪಗೋಳು ಬರುತ್ತಿದ್ದರು. ಮುಂದೆ ಪ್ರಯಾಗಬಾಯಿ ದಾರಿ ಬಿಡಿಸುತ್ತಿದ್ದಳು, ಹಿಂದೆ ಅರ್ಧ ಊರು. ಅಪ್ಪಗೋಳು ಗಿರಣಿಯೊಳಗೆ ಬಂದು, ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ನಿಂತಿದ್ದ ಮನ್ಮಥಪ್ಪನನ್ನು ನೋಡಿ ಎರಡೂ ಕೈ ಮೇಲೆತ್ತಿದರು.

“ಮೈಯೆಲ್ಲಾ ವಿಭೂತಿ ಧರಿಸಿದಂಗ ಕಾಣ್ತಿ ಮನ್ಮಥಪ್ಪಾ! ದಾಸೋಹ ಅಂದ್ರ ಇದು. ಅನ್ನ ನೀಡೋರನ್ನ ಕಂಡೀನಿ, ಬೀಸಿ ಕೊಡೋರನ್ನ ಇವತ್ತೇ ಕಂಡೆ. ಮನಿ ಜ್ವಾಳನೂ ಬೀಸಿ ಇಟ್ಟಿಯಂತಲ್ಲ? ಈ ಹಿಟ್ಟು ಮಠಕ್ಕ ಒಯ್ಯಿರಿ, ಇವತ್ತ ಸಂಜೀಕ ಊರಿಗೆಲ್ಲಾ ರೊಟ್ಟಿ ಆಗ್ಲಿ.”

ಮನ್ಮಥಪ್ಪ ಬಾಯಿ ತೆರೆದ. ಕೊರಳಿಗೆ ಹೂಮಾಲೆ ಬಿತ್ತು.

“ಇನ್ನೊಂದು ಮಾತು,” ಅಪ್ಪಗೋಳು ಜನರ ಕಡೆ ತಿರುಗಿದರು. “ಇಂಥಾ ಪುಣ್ಯ ಒಂದು ದಿನಕ್ಕ ನಿಲ್ಲಬಾರದು. ಇನ್ನ ಮ್ಯಾಲ ಪ್ರತಿ ಸೋಮವಾರ ಮನ್ಮಥಪ್ಪನ ಗಿರಣ್ಯಾಗ ಬೀಸೂ ದಾಸೋಹ ನಡೀತದ. ಹರ ಹರ ಮಹಾದೇವ!”

“ಹರ ಹರ ಮಹಾದೇವ!” ಊರು ಗಿರಣಿಯ ಚಾವಣಿ ಹಾರುವ ಹಾಗೆ ಕೂಗಿತು. ಎಲ್ಲರಿಗಿಂತ ಗಟ್ಟಿಯಾಗಿ ಮಾಣಿಕಪ್ಪ ಕೂಗಿದ. ಅವನ ಮನೆಯಲ್ಲಿ ಇನ್ನೂ ಶೇಂಗಾ ಇತ್ತು.

ಹಿಟ್ಟಿನ ಚೀಲಗಳು ಮಠದ ದಾರಿ ಹಿಡಿದವು. ಲಲಿತಾಬಾಯಿ ಒಂದು ಚೀಲದ ಬಾಯಿ ಹಿಡಿದು ಸ್ವಲ್ಪ ದೂರ ಹೋಗಿ, ಅಪ್ಪಗೋಳ ಮುಖ ನೋಡಿ, ಕೈಬಿಟ್ಟು, ನಮಸ್ಕಾರ ಮಾಡಿ ತಿರುಗಿ ಬಂದಳು. ಗಂಡನ ಕಡೆ ನೋಡಲಿಲ್ಲ. ನೋಡದಿರುವುದೇ ಬೈದದ್ದಕ್ಕಿಂತ ಕೆಟ್ಟದಾಗಿತ್ತು.

ಇರಲಿ, ವಾರಕ್ಕೆ ಒಂದು ದಿನ ತಾನೇ ಎಂದು ಮನ್ಮಥಪ್ಪ ಮನಸ್ಸು ಗಟ್ಟಿ ಮಾಡಿಕೊಂಡ. ಗಿರಣಿ ಉಳಿಯಿತು. ತಂತಿ ಉಳಿಯಿತು. ಪೆಟ್ಟಿಗೆ ಕಟ್ಟುತ್ತಿದ್ದ ಸಾಹೇಬರಿಗೆ ಕೈಮುಗಿದು ಕೇಳಿದ: “ಸಾಹೇಬ್ರ, ಇನ್ನ ತಾರಿಗೆ ಏನೂ ಭಯ ಇಲ್ಲಲ್ರಿ?”

“ಬಿಲ್ಕುಲ್ ಇಲ್ಲ! ಇಷ್ಟು ಫಸ್ಟ್ ಕ್ಲಾಸ್ ನಡಸ್ಲಕತ್ತೀರಿ.” ಸಾಹೇಬರು ಟಾಂಗಾದಿಂದ ಇನ್ನೊಂದು ದೊಡ್ಡ ಪೆಟ್ಟಿಗೆ ಇಳಿಸಿ ತಂತಿಗೆ ಸಿಕ್ಕಿಸಿದರು. ಅದರಲ್ಲಿ ಕಾಗದದ ಸುರುಳಿ ತಾನೇ ತಿರುಗುತ್ತಿತ್ತು, ಮಸಿಯ ಮುಳ್ಳೊಂದು ಗೆರೆ ಎಳೆಯುತ್ತಿತ್ತು. “ಇವತ್ತಿಂದು ನನ್ನ ಕಣ್ಣಿನ ಸಮಾಧಾನಕ್ಕ. ಕಂಪನಿ ಒಂದು ದಿನದ ಮ್ಯಾಲ ಭರೋಸಾ ಇಡೂದಿಲ್ಲ. ನಾಳಿ ಮಂಗಳವಾರದಿಂದ ಈ ಯಂತ್ರ ತಾನೇ ಬರಕೋತದ. ಮೊಹರು ಹಾಕಿ ಹೋಗ್ತೀನಿ. ಶನಿವಾರ ಸಂಜೀಕ ಬಂದು ತೆಗೀತೀನಿ. ಅಷ್ಟೂ ದಿನ ಇವತ್ತಿನಂಗೇ ಹನ್ನೆರಡಾಣೆ ಮ್ಯಾಲ ಇದ್ರ ಮುಗೀತು. ನಿಮಗೇನು, ಗಿರಾಕಿ ನುಗ್ಗಿ ಬರ್ಲಕತ್ಯಾರ!”

ಅರಗು ಕರಗಿಸಿ, ಮೊಹರು ಒತ್ತಿ, ಕೊನೆಯದಾಗಿ ಒಮ್ಮೆ ಸೀನಿ, ಅವರು ಟಾಂಗಾ ಹತ್ತಿದರು.

ಮನ್ಮಥಪ್ಪ ಬಾಗಿಲ ಕಡೆ ಓಡಿದ. ದಿನಾ ಬರುವ ಗಿರಾಕಿ ಎಂದರೆ ಗುಂಡಮ್ಮ ಒಬ್ಬಳೇ. ಅವಳು ಕೆಂಪು ಹಿಟ್ಟು ಹೊತ್ತು ಹೊರಟಿದ್ದಳು.

“ಗುಂಡಮ್ಮಾ, ನಾಳಿ ಬರ್ತೀಯಿಲ್ಲೋ?”

“ನಾಳಿ ಯಾಕ್ರಿ? ಇನ್ನ ಸೋಮವಾರಕ್ಕ ವಾರದ್ದೆಲ್ಲಾ ಒಮ್ಮೆಲೇ ತರ್ತೀನಿ. ರೊಕ್ಕ ಕೊಟ್ಟು ಬೀಸಾಕ ನನಗೇನು ಹುಚ್ಚು ಹಿಡದದೇನು?”

ಮನ್ಮಥಪ್ಪ ಅಂಗಳಕ್ಕೆ ಬಂದ. ಕಲ್ಯಾಣಪ್ಪ ಪುಕ್ಕಟೆ ಒಡೆದ ಬೇಳೆಯ ಚೀಲಕ್ಕೆ ತಲೆಯಿಟ್ಟು ಬಂಡಿಯ ಕೆಳಗೆ ಮತ್ತೆ ಮಲಗಿದ್ದ. ಎತ್ತು ಹೂಡಲು ನಾಳೆಯವರೆಗೆ ಕಾಯಬೇಕಲ್ಲ.

“ಕಲ್ಯಾಣಪ್ಪಾ, ಏಳಪ್ಪಾ. ನಾಳಿ ಹೊತ್ತು ಹುಟ್ಟೂದ್ರಾಗ ಜಳಕೋಟಕ್ಕ ಹೋಗು. ಊರಾಗ ಇದ್ದ ಬದ್ದ ಬಂಡಿ ಎಲ್ಲಾ ಕರಕೊಂಡು ನಾಳಿನೇ ತಿರಿಗಿ ಬಾ. ಫುಕಟ ಮಾಡಿ ಕೊಡ್ತೀನಿ. ಫುಕಟ ಅಲ್ಲ, ಬಂದೋರಿಗೆ ನಾನೇ ಮ್ಯಾಲ ರೊಕ್ಕ ಕೊಡ್ತೀನಿ!”

ಕಲ್ಯಾಣಪ್ಪ ಎದ್ದು ಕುಳಿತ. ಎರಡೂ ಕಿವಿ ಹಿಡಿದುಕೊಂಡು, ಮಠದ ದಿಕ್ಕಿಗೆ ಕೈಮುಗಿದ.

“ಬ್ಯಾಡ್ರಿ ಸಾವಕಾರ್ರೆ. ಅಪ್ಪಗೋಳು ಸೋಮವಾರ ಅಂದಾರ. ಅವರ ಮಾತು ಮೀರಿ ಮಂಗಳವಾರ ಬೀಸಿಕೊಂಡು ಪಾಪ ಕಟಗೊಳ್ಳಾಂವ ಅಲ್ಲ ನಾ. ಚಿಂತಿ ಮಾಡಬ್ಯಾಡ್ರಿ, ಮುಂದಿನ ರವಿವಾರ ಸಂಜೀಕೇ ಇಡೀ ಜಳಕೋಟ ನಿಮ್ಮ ಅಂಗಳದಾಗ ಇರ್ತದ. ಮನ್ಯಾಗ ಅಕ್ಕಗ ಹೇಳಿಡ್ರಿ, ಊಟಕ್ಕೂ ಇರ್ತೀವಿ.”